ಬುಪ್ಪಾಳ ಪಾಲು

...ಅಯ್ಯೋ, ಏಳಬೇಡಿ, ಏಳಬೇಡಿ ಸ್ವಾಮೀ! ಚೀಲ ನಾನು ತುಂಬ್ತೀನಿ. ನೀವು ಆ ದಿಂಬಿಗೆ ಒರಗಿ ಸುಮ್ನೆ ಕೂತಿರಿ. ಆಸ್ಪತ್ರೆ ವ್ಯಾನು ಆಗಲೇ ವಿಹಾರದ ಬಾಗಿಲಲ್ಲಿ ನಿಂತಿದೆ, ನಿಜ. ನಿಂತಿರಲಿ. ಹನ್ನೊಂದಕ್ಕೆ ಊಟದ ನಗಾರಿ ಹೊಡೀಲಿ, ಸ್ವಾಮಿಗಳು ನಾಲ್ಕು ತುತ್ತು ತಿನ್ನಲಿ, ಆಮೇಲೆ ಹೊರಡೋಣ ಅಂತ ಡ್ರೈವರ್‌ಗೆ ಹೇಳಿದೀನಿ. ಅವನು ನೆರಳು ಹುಡುಕಿ ಮಲಗಿಬಿಟ್ಟ, ಪುಣ್ಯಾತ್ಮ.

ಏನು? ಈಗ ತಲೆ ಅಲ್ಲಾಡಿಸಿದಿರಾ? ಅದು ಹೂಂ ಅಂತಲೋ, ಊಹೂಂ ಅಂತಲೋ? ಅಥವಾ ನೊಣ ಓಡಿಸಿದ್ದೋ? ಬಾಯಿಬಿಟ್ಟು ಹೇಳೋ ಮಾರಾಯ... ಕ್ಷಮಿಸಿ, ಕ್ಷಮಿಸಿ ಸ್ವಾಮೀ. ಊರಿಗೆಲ್ಲ ನೀವು ತಾತಸ್ವಾಮಿ. ಕಾವಿ ಉಟ್ಟು ಹದಿನಾರು ವರ್ಷ ಆಯ್ತು. ನನ್ನ ನಾಲಿಗೆಗೆ ಮಾತ್ರ ಇನ್ನೂ ಬುದ್ಧಿ ಬಂದಿಲ್ಲ. ಅದರ ತುದೀಲಿ ಈಗಲೂ ಆ ಹಳೇ ಹೆಸರೇ ಕೂತಿದೆ — ಕಪ್ಪೆ! ಚಿಕ್ಕಂದಿನಲ್ಲಿ ಹೊಳೆ ದಂಡೇಲಿ ಕುಕ್ಕರಗಾಲಲ್ಲಿ ಕೂತು ಪಟಕ್ಕಂತ ನೀರಿಗೆ ಹಾರ್ತಿದ್ರಲ್ಲ, ಅದಕ್ಕೇ ಇಟ್ಟಿದ್ದು. ಇಟ್ಟವನೂ ನಾನೇ.

ನಗಬೇಡಿ. ಯಾಕೆ ನಗ್ತೀರಿ? ನಗೋ ಹೊತ್ತಲ್ಲ ಇದು.

ನಿನ್ನೆ ಡಾಕ್ಟರಮ್ಮ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀನಿ, ಕೇಳಿ. ಎರಡೂ ಮೂತ್ರಪಿಂಡ ಸೇರಿ ನೂರಕ್ಕೆ ಆರು ಪಾಲು ಕೆಲಸ ಮಾಡ್ತಿವೆ. ಆರು! ನೂರಕ್ಕೆ ಆರು ತಗೊಂಡವನನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಹೊಟ್ಟೆಗೊಂದು ಸಣ್ಣ ನಳಿಗೆ ಹಾಕ್ತಾರೆ, ಅಷ್ಟೇ. ಅದರಲ್ಲಿ ದಿನಕ್ಕೆ ನಾಲ್ಕು ಸಲ ಔಷಧದ ನೀರು ಒಳಗೆ ಬಿಡೋದು, ಅದು ಕೊಳೆ ಹೀರಿಕೊಳ್ಳುತ್ತೆ, ಹೊರಗೆ ಬಸಿಯೋದು. ಇಲ್ಲೇ, ಈ ಕುಟೀರದಲ್ಲೇ ಮಾಡ್ಕೋಬಹುದು. ನೀರಿನ ಚೀಲಗಳು ಅಂಚೆಯಲ್ಲಿ ಬರ್ತವಂತೆ! ಅಂಚೆಯವನು ಪೆಟ್ಟಿಗೆ ಪೆಟ್ಟಿಗೆ ತಂದು ಹಾಕ್ತಾನಂತೆ. ಚೀಲ ಬದಲಾಯಿಸೋಕೆ ನಾನಿದೀನಿ. ಕೈ ತೊಳೆಯೋದನ್ನೇ ಮೂರು ದಿನ ಕಲಿಸ್ತಾರಂತೆ. ಕಲೀತೀನಿ. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ, ತೊಳೆಯೋದು ಹೇಳಿಕೊಡಬೇಕಾ?

ಹಾಕಿಸಿಕೊಂಡ್ರೆ ಇನ್ನೂ ವರ್ಷಗಟ್ಟಲೆ ಇರ್ತೀರಿ. ಹಾಕಿಸಿಕೊಳ್ಳದೇ ಇದ್ರೆ... ಎರಡು ವಾರ ಅಂದ್ರು. ಹೆಚ್ಚೆಂದ್ರೆ ಮೂರು. ಆಕೆ ಅಷ್ಟು ಹೇಳಿ ಕಾಗದ ಮುಂದಿಟ್ರೆ ನೀವು ಗೋಡೆ ಮೇಲಿನ ಹಲ್ಲಿ ನೋಡ್ತಾ ಕೂತ್ರಿ! ಹಲ್ಲಿ ಏನು ಸಹಿ ಹಾಕುತ್ತಾ?

ಒಂದು ಹೂಂ. ಒಂದೇ ಒಂದು ಹೂಂ ಸ್ವಾಮೀ. ಅದಕ್ಕೇ ಬಂದಿರೋದು ನಾನು.

ಈ ಅಂಗವಸ್ತ್ರ ಇಡ್ಲಾ? ಆಸ್ಪತ್ರೇಲಿ ತಣ್ಣಗಿರುತ್ತೆ. ಇಡ್ತೀನಿ. ಕನ್ನಡಕ... ಕನ್ನಡಕ ಎಲ್ಲಿ? ನಿಮ್ಮ ಮೂಗಿನ ಮೇಲೇ ಇದೆ. ನೋಡಿ, ನನ್ನ ತಲೆ ಹೀಗಾಗಿದೆ.

ನಿಮಗಿದು ಅರ್ಥ ಆಗಿಲ್ಲ ಅನ್ಸುತ್ತೆ, ಅದಕ್ಕೇ ಮಾತಾಡ್ತಿಲ್ಲ. ಪಾಠ ಮಾಡಿದ ಹಾಗೇ ಹೇಳ್ತೀನಿ. ನಿಮ್ಮಪ್ಪನ ಬೆಲ್ಲದ ಒಲೆ ಜ್ಞಾಪಕ ಇದೆಯಾ? ಬೆಳಗಿನ ಜಾವ ತಾಳೆ ಮರದಿಂದ ನೀರಾ ಇಳಿಸಿ ತರೋರು, ನಿಮ್ಮಮ್ಮ ಬಿಳೀ ಬಟ್ಟೇಲಿ ಶೋಧಿಸಿ ಕೊಪ್ಪರಿಗೆಗೆ ಬಿಡೋರು. ಆ ಬಟ್ಟೆ ಎಷ್ಟು ದಿನ ಬಾಳ್ತಿತ್ತು? ದಿನಾ ಸಿಹಿ ಕುಡಿದು ಕುಡಿದು ಎಳೆಯೆಲ್ಲ ಅಂಟಂಟಾಗಿ, ಗಟ್ಟಿಯಾಗಿ, ಹಪ್ಪಳದ ಹಾಗೆ ಆಗ್ತಿತ್ತು. ಒಂದು ದಿನ ನಾವಿಬ್ಬರೂ ಅವಸರ ಅಂತ ಎರಡೂ ಕೈಲಿ ಅದುಮಿದ್ವಿ. ಪರ್ರಂತ ಹರೀತು! ಜೇನುಹುಳ, ಕಸ, ಎಲ್ಲ ಕೊಪ್ಪರಿಗೆಗೆ. ನಿಮ್ಮಪ್ಪ ತಾಳೆಗರಿ ದಂಟು ತಗೊಂಡು ನಮ್ಮಿಬ್ಬರ ಬೆನ್ನಿಗೆ... ಹ್ಞಾಂ, ಅದೇ.

ಅದೇ ಆಗಿರೋದು ನಿಮ್ಮೊಳಗೆ. ಮೂತ್ರಪಿಂಡ ಅಂದ್ರೆ ಶೋಧಿಸೋ ಬಟ್ಟೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದ್ರೆ ಅದರ ಎಳೆಗಳು ಅಂಟಾಗಿ ಬಿರುಸಾಗ್ತವೆ. ರಕ್ತದ ಒತ್ತಡ ಹೆಚ್ಚಾದ್ರೆ ಎರಡೂ ಕೈಲಿ ಅದುಮಿದ ಹಾಗೆ. ಒಂದೇ ಇದ್ರೆ ಹೇಗೋ ತಡೆಯುತ್ತಿತ್ತು. ಎರಡೂ ಸೇರಿದ್ರೆ ಬಟ್ಟೆ ಹರಿಯುತ್ತೆ. ಒಳಗೆ ಉಳಿಯಬೇಕಾದ ಸಾರ ಸೋರಿಹೋಗುತ್ತೆ, ಅದಕ್ಕೇ ಮೂತ್ರ ನೊರೆ ನೊರೆ. ಹೊರಗೆ ಹೋಗಬೇಕಾದ ಕೊಳೆ ಒಳಗೇ ನಿಲ್ಲುತ್ತೆ, ಅದಕ್ಕೇ ಈ ತುರಿಕೆ, ವಾಕರಿಕೆ, ಈ ಕಾಲು ಬಾವು. ಇನ್ನೂ ಕೇಳಿ, ತಮಾಷೆ ಅಂದ್ರೆ, ಬಟ್ಟೆ ಹರಿದಷ್ಟೂ ಉಪ್ಪು, ನೀರು ಮೈಯಲ್ಲೇ ನಿಂತು ಒತ್ತಡ ಇನ್ನೂ ಏರುತ್ತೆ. ಏರಿದಷ್ಟೂ ಬಟ್ಟೆ ಇನ್ನೂ ಹರಿಯುತ್ತೆ. ಒಂದಕ್ಕೊಂದು ಕುಮ್ಮಕ್ಕು! ವರ್ಷಗಟ್ಟಲೆ ನೋವೇ ಇರಲ್ಲ. ಅದೇ ಮೋಸ. ಗೊತ್ತಾಗೋ ಹೊತ್ತಿಗೆ ಬಟ್ಟೆ ಇಲ್ಲ, ಬರೀ ಚಿಂದಿ.

ಪಾಪ ನಿಮಗೆ ಹೇಗೆ ಗೊತ್ತಾಗಬೇಕು? ಯಾರು ಹೇಳಿದ್ರು ನಿಮಗೆ?

...ಯಾಕೆ ಹಾಗೆ ನೋಡ್ತೀರಿ?

ಆ ಕ್ಯಾರಿಯರ್ ನೋಡ್ತಿದೀರಾ? ಏನಿಲ್ಲ ಅದರಲ್ಲಿ. ಗಂಜಿ. ಉಪ್ಪಿಲ್ಲದ ಗಂಜಿ, ಡಾಕ್ಟರಮ್ಮ ಹೇಳಿದ ಹಾಗೇ. ಕೆಳಗಿನ ಡಬ್ಬೀಲಾ? ಅದು... ಸರಿ, ಅದು ಸಿಹಿ. ಮೋಕೆಂಗ್. ಇವತ್ತು ನನ್ನಾಕೆ ಬುಪ್ಪಾ ಹೋದ ದಿನ ಅಲ್ವಾ? ನಾಲ್ಕು ವರ್ಷ ತುಂಬ್ತು. ಇವತ್ತೂ ತರಬಾರದು ಅಂತಿತ್ತು, ಆದ್ರೆ ಕೈ ತಾನಾಗೇ ಬಾತುಮೊಟ್ಟೆ ಒಡೀತು, ತೆಂಗಿನಹಾಲು ಹಿಂಡಿತು, ತಾಳೆಬೆಲ್ಲ ಕರಗಿಸಿತು. ಮೇಲೆ ಸಣ್ಣೀರುಳ್ಳಿ ಹುರಿದು ಉದುರಿಸಿದೀನಿ, ಅವಳಿಗೆ ಇಷ್ಟವಾದ ಹಾಗೆ ಸ್ವಲ್ಪ ಕರಿಕರಿಯಾಗಿ. ಒಂದೇ ಒಂದು ಚೂರು ಸ್ವಾಮೀ. ವರ್ಷಕ್ಕೊಂದು ದಿನ.

ವರ್ಷಕ್ಕೊಂದು ದಿನ ಅಂದ್ನಾ? ದಿನಾ. ದಿನಾ ತಂದಿದೀನಿ, ಹೌದು. ಅದನ್ನ ಯಾಕೆ ಈಗ... ಆದ್ರೆ ಅದೊಂದರಿಂದ ಆಯ್ತೇನು? ಇಡೀ ಊರು ಸೇರಿ ನಿಮ್ಮನ್ನ ಹಾಳು ಮಾಡಿದ್ದು! ಉಪ್ಪಿನ ಗದ್ದೆಯವರು ಉಪ್ಪುಮೀನು ತರ್ತಾರೆ, ಬೆಲ್ಲದವರು ಬೆಲ್ಲ ತರ್ತಾರೆ. ಭಿಕ್ಷು ತಿಂದ್ರೆ ಸತ್ತವರಿಗೆ ತಲುಪುತ್ತೆ ಅಂತ, ಅವರಿಗೆ ಏನು ಇಷ್ಟವೋ ಅದೆಲ್ಲ ಸ್ವಾಮಿಗಳ ಪಾತ್ರೆಗೆ! ಮಧ್ಯಾಹ್ನದ ಮೇಲೆ ತಿನ್ನೋ ಹಾಗಿಲ್ಲ, ಕುಡೀಬಹುದು ಅಂತ ಆ ಚಹದಂಗಡಿ ಲಮಾಯ್, ಡಬ್ಬಿಹಾಲಿನ ಚಹ ತಂದು ಸುರೀತಾಳೆ, ಚಮಚ ನಿಂತುಕೊಳ್ಳುವಷ್ಟು ಸಕ್ಕರೆ ಹಾಕಿ. ಮಂಡಿನೋವು ಅಂದ್ರೆ ಮೂಲೆ ಅಂಗಡಿಯವನು ಬಣ್ಣಬಣ್ಣದ ಮಾತ್ರೆ ಪೊಟ್ಟಣ ಕಟ್ಟಿಕೊಡ್ತಾನೆ. ಆ ನೋವಿನ ಮಾತ್ರೆಗಳೂ ಮೂತ್ರಪಿಂಡ ತಿನ್ನುತ್ತವಂತೆ!

ನಿನ್ನೆ ಆಸ್ಪತ್ರೆಯಿಂದ ಬಂದವನೇ ಲಮಾಯ್ ಅಂಗಡಿಗೆ ಹೋಗಿ ಚೆನ್ನಾಗಿ ಉಗಿದೆ. ಗಿರಾಕಿಗಳ ಮುಂದೆ! "ಏನಮ್ಮಾ, ಪುಣ್ಯ ಮಾಡ್ತೀನಿ ಅಂತ ಸ್ವಾಮಿಗಳನ್ನ ಕೊಂದೆಯಲ್ಲ" ಅಂದೆ. ಅವಳು ಏನಂದಳು ಗೊತ್ತಾ? ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮೇಷ್ಟ್ರೇ, ನಾಲ್ಕು ವರ್ಷದಿಂದ ನನ್ನ ಚಹ ಒಂದು ಹನಿ ಅವರ ಗಂಟಲಿಗೆ ಇಳಿದಿಲ್ಲ. ನಾನು ಬೆನ್ನು ತಿರುಗಿಸಿದ ಕೂಡಲೇ ದೇವಕಣಗಿಲೆ ಬುಡಕ್ಕೆ ಸುರೀತಾರೆ. ಹೋಗಿ ನೋಡಿ, ಮರದ ಬುಡ ಇರುವೆ ಸಂತೆ ಆಗಿದೆ. ನನ್ನ ಕೇಳೋ ಮೊದಲು ನಿಮ್ಮ ಡಬ್ಬಿಯನ್ನ ಕೇಳಿ" ಅಂದಳು. ಎಷ್ಟು ಕೊಬ್ಬು ನೋಡಿ!

ಬರ್ತಾ ಮರದ ಬುಡ ನೋಡಿದೆ. ಇರುವೆ ಇವೆ.

ಯಾಕೆ ಸುರೀತಿದ್ರಿ ಸ್ವಾಮೀ? ಉಪ್ಪುಮೀನನ್ನೂ ಬೆಕ್ಕಿಗೆ ಹಾಕ್ತಿದ್ರಂತೆ. ನನ್ನ ಮೋಕೆಂಗ್ ಮಾತ್ರ ಡಬ್ಬಿ ತೊಳೆದ ಹಾಗೆ ಖಾಲಿಯಾಗ್ತಿತ್ತು. ನಿಜ ಹೇಳ್ಲಾ, ನನಗೆ ಅದೊಂದು ಹೆಮ್ಮೆ. ಅನ್ನಕ್ಕೆ ನೀರಿಡೋಕೂ ಬರ್ತಿರಲಿಲ್ಲ ನನಗೆ. ಬುಪ್ಪಾ ಹೋದಮೇಲೆ ಅವಳ ತಗಡಿನ ತಟ್ಟೆ ಹುಡುಕಿ, ಮೇಲೂ ಕೆಳಗೂ ಕೆಂಡ ಇಟ್ಟು, ಎಷ್ಟು ಸೀದುಹೋಯ್ತು, ಎಷ್ಟು ನಾಯಿಗೆ ಹೋಯ್ತು...

ಅವಳು ಆಪರೇಷನ್ನಿಗೆ ಹೋಗೋ ಮುಂಚೆ ಕೇಳಿದ್ದು ಅದೊಂದೇ. "ಒಂದು ಚೂರು ಮೋಕೆಂಗ್ ಕೊಡ್ರೀ, ಬಾಯೆಲ್ಲ ಸಪ್ಪೆ." ಖಾಲಿ ಹೊಟ್ಟೇಲಿ ಇರಬೇಕು ಅಂತ ನರ್ಸ್ ಹೇಳಿದ್ಲು. ನಾನು ವಿಜ್ಞಾನದ ಮೇಷ್ಟ್ರಲ್ವಾ, ನಿಯಮ ಅಂದ್ರೆ ನಿಯಮ. "ನಾಳೆ ಕೊಡ್ತೀನಿ" ಅಂದೆ. ಮುಖ ಆ ಕಡೆ ತಿರುಗಿಸಿಕೊಂಡಳು. ನಾಳೆ ಬರಲಿಲ್ಲ.

ದಹನ ಆಗಿ ಏಳನೇ ದಿನ ಕನಸಲ್ಲಿ ಬಂದಿದ್ದಳು. ಬರೀ ತಟ್ಟೆ ಹಿಡಿದುಕೊಂಡು. ಬೆಳಗಾಗ್ತಿದ್ದ ಹಾಗೇ ಎದ್ದು ಮೊದಲನೇ ಸಲ ಮೋಕೆಂಗ್ ಮಾಡಿ, ಡಬ್ಬಿ ಎತ್ಕೊಂಡು ಹೊಳೆ ಮೆಟ್ಟಿಲು ಇಳಿದೆ. ಕೊನೇ ಮೆಟ್ಟಿಲೂ ದಾಟಿದ್ದೆ. ನೀರು ಸೊಂಟಕ್ಕಿತ್ತು. ನೀವು ಭಿಕ್ಷೆಗೆ ಹೊರಟಿದ್ದವರು ಮೇಲೆ ನಿಂತು, ಏನೂ ಕಾಣದವರ ಹಾಗೆ, "ಏನೋ ಅದು ಡಬ್ಬೀಲಿ? ಘಮ ಘಮ ಅಂತಿದೆ" ಅಂದ್ರಿ. ಅಲ್ಲೇ ಕೂತು ಮೂರು ಚೂರು ತಿಂದ್ರಿ. ಸೀದಿತ್ತು, ತಿಂದ್ರಿ. ಮಂತ್ರ ಹೇಳಿದ್ರಿ, ನಾನು ಬುಪ್ಪಾ ಹೆಸರಲ್ಲಿ ನೀರು ಬಿಟ್ಟೆ. ನೀವು ಬಾಯಿ ಒರೆಸಿಕೊಂಡು, "ತಲುಪಿತು ಕಣೋ. ನಾಳೇನೂ ತಗೊಂಡು ಬಾ" ಅಂದ್ರಿ.

ನಾಳೇನೂ ತಗೊಂಡು ಬಾ. ಆ ರಾತ್ರಿ ಅವಳು ಬರಲಿಲ್ಲ. ಮತ್ತೆ ಯಾವತ್ತೂ ಬರೀ ತಟ್ಟೆ ಹಿಡಿದು ಬರಲಿಲ್ಲ. ಹಾಗಿರುವಾಗ ನಾನು... ನಾನು ಹೇಗೆ ನಿಲ್ಲಿಸ್ಲಿ, ಹೇಳಿ?

ಇಲ್ಲ, ಆ ವಿಷಯ ಬೇಡ. ಹಲ್ಲುಜ್ಜೋ ಬ್ರಷ್ ಇಟ್ಟೆ. ಟವೆಲ್ ಇಟ್ಟೆ.

ಡಾಕ್ಟರಮ್ಮ ನಿನ್ನೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಕೇಳಿದ್ರು. ನಾಲ್ಕು ವರ್ಷದ ಹಿಂದೆ ಎಲ್ಲ ವಿಹಾರದಲ್ಲೂ ಭಿಕ್ಷುಗಳ ತಪಾಸಣೆ ನಡೆದಿತ್ತಲ್ಲ, ಇವರದ್ದೇನು ಬಂದಿತ್ತು ಅಂತ. ಆಗಲೇ ಸಕ್ಕರೆ, ಒತ್ತಡ ಹಿಡಿತಕ್ಕೆ ತಂದಿದ್ರೆ ಇಷ್ಟು ಬೇಗ ಇಲ್ಲಿಗೆ ಬರ್ತಿರಲಿಲ್ಲ ಅಂದ್ರು. ನಾನು ಹೇಳಿದೆ, ವಿಹಾರದ ಕಾಗದಪತ್ರವೆಲ್ಲ ನೋಡಿಕೊಳ್ಳೋನು ನಾನೇ, ಅಂಥದ್ದೇನೂ ಬಂದಿಲ್ಲ, ದಾರೀಲಿ ಕಳೆದುಹೋಗಿರಬೇಕು ಅಂತ.

ಹಾಗೇ ಹೇಳಿದೆ. ನಿಮ್ಮನ್ನ ಕೇಳಿದ್ರೂ ಹಾಗೇ ಹೇಳಿ. ಹೇಳ್ತೀರಲ್ಲ? ಭಿಕ್ಷು ಸುಳ್ಳು ಹೇಳೋ ಹಾಗಿಲ್ಲ, ಸರಿ, ಸುಮ್ನಿದ್ದುಬಿಡಿ. ಸುಮ್ನಿರೋದು ನಿಮಗೆ ಹೇಳಿಕೊಡಬೇಕಾಗಿಲ್ಲವಲ್ಲ!

...ಸ್ವಾಮೀ, ಬೇರೆ ಕಡೆ ನೋಡಿ. ನಿನ್ನೆ ಹಲ್ಲಿ ನೋಡಿದ್ರಲ್ಲ, ಇವತ್ತೂ ಹಲ್ಲಿ ನೋಡಿ. ನನ್ನನ್ನ ನೋಡಬೇಡಿ.

ನೋಡಬೇಡ ಅಂದ್ನಲ್ಲ!

ಬಂದಿತ್ತು. ಬಂದಿತ್ತು ಕಣೋ ಕಪ್ಪೆ! ಕಂದು ಲಕೋಟೆ. ಬುಪ್ಪಾ ಹೋಗಿ ಒಂದು ತಿಂಗಳಾಗಿತ್ತು. ಸಕ್ಕರೆ ಇನ್ನೂರ ಹನ್ನೆರಡು. ಒತ್ತಡ ನೂರ ಎಪ್ಪತ್ತು. ಮೂತ್ರದಲ್ಲಿ ಪ್ರೋಟೀನು. 'ತಕ್ಷಣ ಆರೋಗ್ಯ ಕೇಂದ್ರಕ್ಕೆ ಬರುವುದು, ಸಿಹಿ ಬಿಡುವುದು, ಉಪ್ಪು ಬಿಡುವುದು' ಅಂತ ಕೆಂಪು ಶಾಯೀಲಿ. ನಲವತ್ತು ವರ್ಷ ವಿಜ್ಞಾನ ಹೇಳಿದವನಿಗೆ ಆ ಅಂಕಿ ಅರ್ಥ ಆಗಲ್ವಾ? ಈಗ ನಿನಗೆ ಹೇಳಿದ್ನಲ್ಲ ಬಟ್ಟೆ ಕಥೆ, ಅದೆಲ್ಲ ಅವತ್ತೇ ಗೊತ್ತಿತ್ತು ನನಗೆ. ಆದ್ರೆ 'ಸಿಹಿ ಬಿಡುವುದು' ಅನ್ನೋ ಎರಡು ಪದ ಓದಿದಾಗ ನನಗೆ ಕಂಡದ್ದು ನೀನಲ್ಲ. ಬರೀ ತಟ್ಟೆ ಹಿಡಿದುಕೊಂಡ ಅವಳು.

ಲಕೋಟೆ ಅವಳ ಫೋಟೋ ಹಿಂದೆ ಇದೆ. ಇವತ್ತಿಗೂ. ದಿನಾ ಊದುಬತ್ತಿ ಹಚ್ಚಿದಾಗ ಎರಡಕ್ಕೂ ಹೊಗೆ ಹೋಗುತ್ತೆ. "ಪರೀಕ್ಷೆ ಕಾಗದ ಬಂತೇನೋ?" ಅಂತ ನೀನೇ ಕೇಳಿದೆ ಒಂದು ಬೆಳಗ್ಗೆ. "ಬಂತು, ಎಲ್ಲ ಸರಿಯಿದೆ, ವಯಸ್ಸು ಅಷ್ಟೇ" ಅಂದೆ ನಾನು, ಕೈಲಿ ಡಬ್ಬಿ ಹಿಡಿದುಕೊಂಡೇ. ನೀನು ನನ್ನ ಮುಖ ನೋಡಿದೆ. ಆಮೇಲೆ ಡಬ್ಬಿ ಇಸ್ಕೊಂಡೆ.

ಒಂದು ವರ್ಷ ಕೊಟ್ಟು ನಿಲ್ಲಿಸೋಣ ಅಂದ್ಕೊಂಡೆ. ಆಮೇಲೆ ಎರಡು. ಕೆಟ್ಟವನಾಗಿ ಮಾಡಿದ್ದಲ್ಲ... ಅಲ್ಲ, ಕೆಟ್ಟದ್ದೇ ಮಾಡಿದೆ. ಬೈಯೋ! ನಿಮ್ಮಪ್ಪನ ಹಾಗೆ ದಂಟು ತಗೊಂಡು ಹೊಡಿ! ಏನಾದ್ರೂ ಅನ್ನು. ಹೀಗೆ ಕೂರಬೇಡ.

ಸರಿ. ಮಾತಾಡಬೇಡ. ಬೈಯೋಕಾದ್ರೂ ನೀನು ಬದುಕಿರಬೇಕು, ಅದಕ್ಕೆ ಚೀಲ ತುಂಬ್ತೀನಿ. ನಿನ್ನ ಗುರುತಿನ ಚೀಟಿ ಬೇಕಂತೆ. ಈ ಜೋಳಿಗೇಲಿದೆಯಾ? ಯಾಕೆ, ಯಾಕೆ ಕಿತ್ಕೋತೀಯಾ? ಬಿಡು! ನಿನಗೆಲ್ಲಿ ಬಂತು ಇಷ್ಟು ಶಕ್ತಿ? ಬಿಡೋ, ಗುರುತಿನ ಚೀಟಿ ತೆಗೀತೀನಿ ಅಷ್ಟೇ...

ಇದೇನಿದು? ಹಸಿರು ಪುಸ್ತಕ. 'ಸಕ್ಕರೆ ರೋಗಿಯ ದಾಖಲೆ.' ಹೊಳೆಯಾಚೆ ಆರೋಗ್ಯ ಕೇಂದ್ರದ್ದು. ಯಾರದು? ಇದು... ನಿನ್ನ ಹೆಸರಿದೆಯಲ್ಲೋ.

ತಿಂಗಳಿಗೊಂದ್ಸಲ ಆಚೆ ದಡದ ಹಳೇ ಭಿಕ್ಷುಗಳನ್ನ ನೋಡಿಬರ್ತೀನಿ ಅಂತ ದೋಣಿ ಹತ್ತುತ್ತಿದ್ದೆಯಲ್ಲ...

ಮೊದಲನೇ ಪುಟದ ತಾರೀಖು... ಈ ತಾರೀಖು... ಲಕೋಟೆ ಬಂದ ತಿಂಗಳೇ! ಹನ್ನೊಂದು ದಿನ ಆದಮೇಲೆ. 'ಕಳಿಸಿದ ಪತ್ರಕ್ಕೆ ಉತ್ತರ ಬಾರದ ಕಾರಣ ಭಿಕ್ಷುಗಳನ್ನು ಕರೆಸಿ ತಿಳಿಸಲಾಗಿದೆ.'

ಕಳಿಸಿದ ಪತ್ರಕ್ಕೆ.

ಅಂದ್ರೆ ನಿನಗೆ... ಇರು. ಇರು, ಓದ್ತೀನಿ. 'ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರೆ. ಚಹ, ಉಪ್ಪುಮೀನು ಬಿಟ್ಟಿದ್ದಾರೆ. ಆದರೂ ಸಕ್ಕರೆ ಇಳಿದಿಲ್ಲ.' ಮುಂದಿನ ತಿಂಗಳು. 'ಬೆಳಿಗ್ಗೆ ಸಿಹಿ ತಿನ್ನುತ್ತಾರೆಂದು ಕಾಣುತ್ತದೆ. ಯಾರು ಕೊಡುತ್ತಾರೆ ಎಂದು ಕೇಳಿದೆ. ಉತ್ತರವಿಲ್ಲ.' ಮುಂದಿನದು. 'ಒತ್ತಡ ಏರಿದೆ. ಕೊಡುವವರನ್ನು ಕರೆಸಿ ತಿಳಿಹೇಳುತ್ತೇನೆ ಎಂದೆ. ಉತ್ತರವಿಲ್ಲ.' ಇಲ್ಲೂ. 'ಮೂತ್ರಪಿಂಡ ಅರ್ಧಕ್ಕಿಂತ ಕಡಿಮೆ. ಕೊಡುವವರ ಹೆಸರು ಕೇಳಿದೆ. ನಗುತ್ತಾರೆ. ಉತ್ತರವಿಲ್ಲ.' ಉತ್ತರವಿಲ್ಲ... ಉತ್ತರವಿಲ್ಲ... ಪುಟ ತುಂಬ ಇದೇ ಅಲ್ಲವೋ!

ನಾಲ್ಕು ವರ್ಷ. ಎಲ್ಲ ಗೊತ್ತಿದ್ದೂ. ಕಾಗದ ಬಂದಿದ್ದೂ ಗೊತ್ತು, ನಾನು ಮುಚ್ಚಿಟ್ಟಿದ್ದೂ ಗೊತ್ತು. ದಿನಾ ಬೆಳಗ್ಗೆ ನಾನು ಹಲ್ಲು ಕಿರಿದುಕೊಂಡು ಡಬ್ಬಿ ತೆಗೆದಾಗ, "ಇವತ್ತು ಚೆನ್ನಾಗಿ ಬಂದಿದೆ" ಅಂತ ನೀನು ತಿಂದೆಯಲ್ಲ... ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ? "ಸಾಕು ಕಣೋ ಸವೇಂಗ್" ಅಂದಿದ್ರೆ ನಾನು ನಿಲ್ಲಿಸ್ತಿರಲಿಲ್ಲವೇ? ನಿಲ್ಲಿಸಿ, ಮನೆಗೆ ಹೋಗಿ... ಮನೆಗೆ ಹೋಗಿ...

ಓ.

ಹೊಳೆ ಮೆಟ್ಟಿಲು.

ನಾಳೇನೂ ತಗೊಂಡು ಬಾ ಅಂದದ್ದು ಬುಪ್ಪಾಗಲ್ಲ. ಅಲ್ವಾ? ಅದನ್ನಾದ್ರೂ ಹೇಳು. ನಾನು ನಿಲ್ಲಿಸಿದ್ರೆ ಮತ್ತೆ ಆ ಮೆಟ್ಟಿಲು ಇಳೀತೀನಿ ಅಂತ... ಅದಕ್ಕೇ ಅಲ್ವಾ? ದಿನಾ ಬೆಳಗ್ಗೆ ನನಗೆ ಎದ್ದು ಒಲೆ ಹಚ್ಚೋಕೆ ಒಂದು ನೆಪ ಇರಲಿ ಅಂತ ನಿನ್ನ ಮೂತ್ರಪಿಂಡ ಎರಡನ್ನೂ ಒಲೆಗೆ ಹಾಕಿದೆಯಾ? ಹೇಳೋ ಕಪ್ಪೆ! ಅಲ್ಲ ಅನ್ನು. ನಿನಗೆ ಆಸೆ ಇತ್ತು, ರುಚಿ ಬಿಡೋಕಾಗಲಿಲ್ಲ, ಅದಕ್ಕೇ ತಿಂದೆ ಅನ್ನು. ಸುಳ್ಳಾದ್ರೂ ಸರಿ, ಇವತ್ತೊಂದು ದಿನ ಸುಳ್ಳು ಹೇಳು, ಪಾಪ ನನಗೆ ಬರಲಿ...

ಉತ್ತರವಿಲ್ಲ.

ನಗಾರಿ. ಹನ್ನೊಂದಾಯ್ತು.

ಏನು... ಏನು ಮಾಡ್ತಿದೀಯ? ಯಾಕೆ ಕೈ ಚಾಚ್ತೀಯ? ಕ್ಯಾರಿಯರ್‌ಗಾ? ಇವತ್ತೂನಾ? ಈ ಪುಸ್ತಕ ನನ್ನ ಕೈಲಿರುವಾಗಲೂನಾ?

ಇಲ್ಲ. ಕೊಡಲ್ಲ.

ಅವಳ ದಿನ ಅಂತ ಗೊತ್ತು. ಕಾಯ್ತಿರ್ತಾಳೆ ಅಂತಾನೂ ಗೊತ್ತು. ನಿನಗಿಂತ ಚೆನ್ನಾಗಿ ಗೊತ್ತು. ಇವತ್ತು ಅವಳು ಹಸಿದಿರ್ತಾಳೆ. ಇರಲಿ. ಮುಖ ತಿರುಗಿಸಿಕೊಳ್ತಾಳೆ, ತಿರುಗಿಸಿಕೊಳ್ಳಲಿ. ಎರಡನೇ ಸಲ ಇಲ್ಲ ಅಂತಿದೀನಿ ಬುಪ್ಪಾ, ಕೇಳಿಸ್ತೇನೆ? ಈ ಸಲ ನಾಳೆ ಅಂತಾನೂ ಹೇಳಲ್ಲ. ಮೋಕೆಂಗ್ ಡಬ್ಬಿ ಇಗೋ, ಬಾಗಿಲಾಚೆ ಇಟ್ಟೆ. ಮೇಲಿನ ಡಬ್ಬಿ ಗಂಜಿ ಮಾತ್ರ ನಿನಗೆ, ವ್ಯಾನಲ್ಲಿ ಕುಡಿ. ಹೊತ್ತು ಮೀರೋದಕ್ಕೆ ಇನ್ನೂ ಒಂದು ಗಂಟೆ ಇದೆ.

ಹೆದರಬೇಡ. ಆ ಮೆಟ್ಟಿಲು ಇಳಿಯಲ್ಲ ನಾನು. ಹೇಗೆ ಇಳೀಲಿ? ದಿನಕ್ಕೆ ನಾಲ್ಕು ಸಲ ಚೀಲ ಬದಲಾಯಿಸಬೇಕಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಾಯಂಕಾಲ ಒಂದು, ಮಲಗೋ ಮುಂಚೆ ಒಂದು. ನೀನು ನನಗೆ ದಿನಕ್ಕೊಂದು ನೆಪ ಕೊಟ್ಟೆ. ಇದು ನಾಲ್ಕು.

ಕೈ ಹಿಂದಕ್ಕೆ ತಗೋಬೇಡ. ಹಾಗೇ ಚಾಚಿರು. ಕ್ಯಾರಿಯರ್ ಇಲ್ಲ, ಆ ಕೈನ ನಾನೇ ಹಿಡ್ಕೋತೀನಿ. ಗಟ್ಟಿಯಾಗಿ ಹಿಡಿ, ಅದನ್ನೇ ಹೂಂ ಅಂದ್ಕೋತೀನಿ.

ಏಳು ಕಪ್ಪೆ. ಏಳೋ... ಕುಟೀರದ ಮೆಟ್ಟಿಲು ಐದೇ ಇರೋದು.